ಜೊತೆಗಾರರು ಹಾಕುವ ಅಂಕ

ಕಳೆದ ಸಂಚಿಕೆಯ ಉತ್ತರವೊಂದರಲ್ಲಿ ಫುಟ್‌ಬಾಲ್ ಆಟಗಾರ ಸುನಿಲ್ ಚೆಟ್ರಿ ಅವರ ಬಗ್ಗೆ ಬರೆಯುತ್ತಾ, ‘ಅವರನ್ನು ಪ್ರೇಕ್ಷಕರಿಗಿಂತ ಮೊದಲು ಜೊತೆಯ ಆಟಗಾರರು ಒಪ್ಪಿಕೊಂಡರು’ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರಗಳು ಬರುತ್ತವೆಂದು ನಾನು ಎಣಿಸಿರಲಿಲ್ಲ. ಖೊಖೊ, ಕಬಡ್ಡಿ, ಕುಸ್ತಿ, ಕ್ರಿಕೆಟ್ ಎಂದರೆ ಕಿವಿ ನಿಮಿರಿಸುವ ನಮ್ಮ ದಾವಣಗೆರೆ–ಚಿತ್ರದುರ್ಗ ಸೀಮೆಯಲ್ಲಿ ಫುಟ್‌ಬಾಲ್ ಕುರಿತು ಇಷ್ಟು ಮಂದಿ ಕಾಗದ ಬರೆದಿರುವುದೇ ಒಂದು ಸಂತೋಷ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇನೆ. ಬೇರೆ ವಿಷಯ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕೆಂದು ಕೋರುತ್ತೇನೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರೂ ಕ್ರಿಕೆಟ್ ನೋಡುವವರೇ. ಸುನಿಲ್ ಚೆಟ್ರಿ ಎಂಬ ಹೆಸರು ಗೊತ್ತು, ಮುಖವೂ ಗೊತ್ತು. ಅದಕ್ಕಿಂತ ಹೆಚ್ಚೇನೂ ತಿಳಿಯದು. ಅವರ ಹಿನ್ನೆಲೆ ಏನು? ಜೊತೆಯವರು ಅವರನ್ನು ಅಷ್ಟೊಂದು ಮೆಚ್ಚಲು ಕಾರಣವೇನು?
— ಪದವಿ ವಿದ್ಯಾರ್ಥಿನಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಚೆಟ್ರಿ ಹುಟ್ಟಿದ್ದು 1984ರ ಆಗಸ್ಟ್ 3ರಂದು, ಸಿಕಂದರಾಬಾದಿನಲ್ಲಿ. ತಂದೆ ಸೈನ್ಯದಲ್ಲಿದ್ದವರು; ತಾಯಿ ಸ್ವತಃ ಫುಟ್‌ಬಾಲ್ ಆಡಿದವರು. 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ ಸೇರುವುದರೊಂದಿಗೆ ಅವರ ವೃತ್ತಿಜೀವನ ಆರಂಭವಾಯಿತು. ಅಲ್ಲಿಂದ ಪಂಜಾಬಿನ ಜೆ.ಸಿ.ಟಿ., ಮತ್ತೆ ಕೋಲ್ಕತ್ತದ ಈಸ್ಟ್ ಬೆಂಗಾಲ್, ಗೋವಾದ ಡೆಂಪೊ ಎಂದು ಸುತ್ತಿದರು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರನ್ನು ತೆಗೆದುಕೊಳ್ಳಲು ಮುಂದೆ ಬಂದರೂ, ಭಾರತ ತಂಡ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಶ್ರೇಯಾಂಕದ ಮೊದಲ 70ರೊಳಗೆ ಇಲ್ಲವೆಂಬ ಕಾರಣಕ್ಕೆ ಬ್ರಿಟನ್ನಿನಲ್ಲಿ ಆಡುವ ಪರವಾನಗಿ ಸಿಗಲಿಲ್ಲ. 2010ರಲ್ಲಿ ಅಮೆರಿಕದ ಕನ್ಸಾಸ್ ಸಿಟಿ ವಿಜಾರ್ಡ್ಸ್, 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡ ಸೇರಿದರೂ ಎರಡೂ ಕಡೆ ಬೇರು ಬಿಡಲಾಗಲಿಲ್ಲ. 2013ರಲ್ಲಿ ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್.ಸಿ.ಗೆ ಬಂದರು, ಆ ತಂಡ ಮೊದಲ ವರ್ಷದಲ್ಲೇ ದೇಶದ ಅಂದಿನ ಪ್ರಮುಖ ಲೀಗ್ ಆದ ಐ-ಲೀಗ್ ಗೆದ್ದಿತು. ನಡುವೆ ಮುಂಬೈ ಸಿಟಿ ಪರ ಸ್ವಲ್ಪ ಕಾಲ ಆಡಿದ್ದನ್ನು ಬಿಟ್ಟರೆ ಅಂದಿನಿಂದ ಅವರು ನಮ್ಮ ರಾಜಧಾನಿಯ ಆಟಗಾರರೇ. 2011ರಲ್ಲಿ ಅರ್ಜುನ, 2019ರಲ್ಲಿ ಪದ್ಮಶ್ರೀ, 2021ರಲ್ಲಿ ಖೇಲ್ ರತ್ನ ಬಂದವು. ಖೇಲ್ ರತ್ನ ಪಡೆದ ಮೊದಲ ಫುಟ್‌ಬಾಲ್ ಆಟಗಾರ ಅವರೇ.

ಇಷ್ಟೆಲ್ಲ ವಿವರ ಯಾವ ಸಾಮಾನ್ಯ ಜ್ಞಾನದ ಪುಸ್ತಕದಲ್ಲಾದರೂ ಸಿಕ್ಕೀತು. ನೀವು ಕೇಳಿರುವ ಎರಡನೆಯ ಮಾತಿಗೆ ಉತ್ತರ ಹೇಳಲು ಎರಡು ಸಂದರ್ಭಗಳನ್ನು ಹತ್ತಿರದಿಂದ ನೋಡಬೇಕಾಗುತ್ತದೆ.

ಮೊದಲನೆಯದು 2005ರ ಜೂನ್ 12. ಪಾಕಿಸ್ತಾನದ ಕ್ವೆಟ್ಟಾದಲ್ಲಿ ಭಾರತದ ಪರ ಅವರ ಮೊದಲ ಪಂದ್ಯ. ಬೆಳಿಗ್ಗೆ ತರಬೇತುದಾರ ಸುಖ್ವಿಂದರ್ ಸಿಂಗ್ ಬಂದು ‘ಇವತ್ತು ನೀನು ಆಡುತ್ತೀಯೆ’ ಎಂದು ತಿಳಿಸಿದಾಗ, ಇಪ್ಪತ್ತು ವರ್ಷದ ಆ ಹುಡುಗ ಸಂಭ್ರಮ ತಡೆಯಲಾರದೆ ಕೈಗೆ ಬಂದ ಜೆರ್ಸಿಗೆ ಸುಗಂಧದ ದ್ರವ ಸಿಂಪಡಿಸಿಕೊಂಡನಂತೆ. ಅಂದೇ ಭಾರತದ ಪರ ಮೊದಲ ಗೋಲನ್ನೂ ಹೊಡೆದರು. ಈ ಪ್ರಸಂಗವನ್ನು ಚೆಟ್ರಿ ಅವರೇ ಹೇಳಿಕೊಂಡರು. ಹೇಳಿಕೊಂಡದ್ದು 2024ರ ಮೇ 16ರಂದು, ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಘೋಷಿಸಿದ ವಿಡಿಯೊದಲ್ಲಿ. ಗೋಲುಗಳ ಲೆಕ್ಕ ಒಪ್ಪಿಸಬಹುದಾಗಿದ್ದ ದಿನ ಅವರಿಗೆ ನೆನಪಾದದ್ದು ಜೆರ್ಸಿಯ ವಾಸನೆ. ಆ ಬಟ್ಟೆಯ ಮೇಲೆ ಅಂಥ ಮೋಹ ಇಟ್ಟುಕೊಂಡವನನ್ನು ಅದೇ ಬಟ್ಟೆ ತೊಡುವ ಇತರರು ಗುರುತಿಸದೆ ಇರುತ್ತಾರೆಯೆ?

ಎರಡನೆಯದು 2018ರ ಜೂನ್, ಮುಂಬೈಯ ಅಂಧೇರಿ ಮೈದಾನ. ಜೂನ್ 1ರಂದು ಚೈನೀಸ್ ತೈಪೆ ವಿರುದ್ಧ ಭಾರತ 5–0ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಚೆಟ್ರಿಯವು. ನೋಡಲು ಬಂದಿದ್ದವರು 2,569 ಜನ. ನಮ್ಮ ಕಡೆ ತಾಲ್ಲೂಕು ಮಟ್ಟದ ಕುಸ್ತಿಗೂ ಅದಕ್ಕಿಂತ ಹೆಚ್ಚು ಜನ ಸೇರಿಯಾರು. ಮರುದಿನ ತಂಡದ ನಾಯಕರೂ ಆಗಿದ್ದ ಚೆಟ್ರಿ ಒಂದು ವಿಡಿಯೊ ಬಿಟ್ಟರು. ತಮ್ಮ ಮೂರು ಗೋಲಿನ ಪ್ರಸ್ತಾಪವನ್ನೇ ಎತ್ತದೆ, ‘ನಮ್ಮನ್ನು ಬೈಯಬೇಕೆನಿಸಿದರೆ ಬೈಯಿರಿ, ಟೀಕಿಸಿ, ಆದರೆ ಮೈದಾನಕ್ಕೆ ಬಂದು ಬೈಯಿರಿ’ ಎಂಬರ್ಥದ ಮಾತಾಡಿ ಜನರ ಮುಂದೆ ಕೈಮುಗಿದರು. ಜೂನ್ 4ರಂದು ಕೆನ್ಯಾ ವಿರುದ್ಧದ ಪಂದ್ಯಕ್ಕೆ ಟಿಕೆಟ್ ಪೂರ್ತಿ ಮಾರಾಟವಾಗಿ ಮಳೆಯಲ್ಲೂ ಮೈದಾನ ತುಂಬಿತು. ಅದು ಚೆಟ್ರಿಯ ನೂರನೆಯ ಅಂತರರಾಷ್ಟ್ರೀಯ ಪಂದ್ಯವೂ ಆಗಿತ್ತು. ಹೆಸರು ಮಾಡಿದ ಆಟಗಾರನಿಗೆ ತನಗಾಗಿ ಕೇಳುವುದು ಸುಲಭ, ಇತರ ಹತ್ತು ಜನರ ಪರವಾಗಿ ಬೇಡುವುದಕ್ಕೆ ಸ್ವಲ್ಪ ಮಾನ ಬಿಡಬೇಕಾಗುತ್ತದೆ. ಬೆಂಚಿನ ಮೇಲೆ ಕುಳಿತ, ನಮಗೆ ಹೆಸರೂ ಗೊತ್ತಿಲ್ಲದ ಹುಡುಗನಿಗೆ ಆ ಬೇಡಿಕೆ ಹೇಗೆ ಕೇಳಿಸಿರಬಹುದು ಎಂದು ಯೋಚಿಸಿ ನೋಡಿ.

ಪ್ರಶ್ನೆ: ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದವನು ನಾನು. ಪ್ರಶಸ್ತಿಗಳನ್ನು ಕೊಡುವವರು ಪತ್ರಕರ್ತರು ಮತ್ತು ಅಧಿಕಾರಿಗಳು. ಹಾಗಿರುವಾಗ ಆಟಗಾರರ ನಡುವೆ ಯಾರು ಜನಪ್ರಿಯರು ಎಂಬುದನ್ನು ಅಳೆಯುವುದು ಹೇಗೆ? ನೀವು ಊಹೆಯ ಮೇಲೆ ಬರೆದಿರೋ ಅಥವಾ ಆಧಾರವಿದೆಯೋ?
— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಉತ್ತರ: ಮೇಷ್ಟ್ರೇ, ನಿಮ್ಮ ಅನುಮಾನ ಸರಿಯಾದದ್ದೇ. ಫುಟ್‌ಬಾಲ್ ಜಗತ್ತಿನ ಅತಿ ಹೆಸರುವಾಸಿ ಪ್ರಶಸ್ತಿಯಾದ ಬ್ಯಾಲನ್ ಡಿ’ಓರ್‌ಗೆ ಮತ ಹಾಕುವವರು ಪತ್ರಕರ್ತರು. ಆದರೆ ಆಟಗಾರರೇ ಆಟಗಾರರಿಗೆ ಮತ ಹಾಕುವ ಪ್ರಶಸ್ತಿಗಳೂ ಇವೆ, ಮತ್ತು ನನ್ನ ಮಟ್ಟಿಗೆ ಅವುಗಳ ತೂಕವೇ ಬೇರೆ. ಇಂಗ್ಲೆಂಡಿನ ವೃತ್ತಿಪರ ಆಟಗಾರರ ಸಂಘ 1974ರಿಂದ ವರ್ಷದ ಆಟಗಾರನನ್ನು ಆರಿಸುತ್ತಿದೆ. ಅಲ್ಲಿ ಒಂದು ಒಳ್ಳೆಯ ನಿಯಮವಿದೆ: ಯಾರೂ ತಮ್ಮದೇ ತಂಡದವನಿಗೆ ಮತ ಹಾಕುವಂತಿಲ್ಲ. ಅಂದರೆ ವರ್ಷವಿಡೀ ನಿಮ್ಮ ಎದುರಾಗಿ ಓಡಿ, ನಿಮ್ಮಿಂದ ಒದೆ ತಿಂದು, ನಿಮ್ಮಿಂದ ಸೋತವನೇ ನಿಮಗೆ ಅಂಕ ಹಾಕಬೇಕು. ಜಗತ್ತಿನ ಆಟಗಾರರ ಒಕ್ಕೂಟವಾದ ಫಿಫ್‌ಪ್ರೊ 2005ರಿಂದ ಹನ್ನೊಂದು ಜನರ ವಿಶ್ವ ತಂಡವನ್ನು ಆಟಗಾರರ ಮತದಿಂದಲೇ ಕಟ್ಟುತ್ತಿದೆ. ಫಿಫಾದ ‘ದಿ ಬೆಸ್ಟ್’ ಪ್ರಶಸ್ತಿ 2016ರಲ್ಲಿ ಶುರುವಾದಾಗ ಮತವನ್ನು ನಾಲ್ಕು ಪಾಲು ಮಾಡಿ, ರಾಷ್ಟ್ರ ತಂಡಗಳ ನಾಯಕರು, ತರಬೇತುದಾರರು, ಪತ್ರಕರ್ತರು, ಅಭಿಮಾನಿಗಳು ಎಂದು ತಲಾ 25 ಶೇಕಡಾ ಹಂಚಿದರು. ಅದರಲ್ಲಿ ಭಾರತದ ನಾಯಕನ ಮತಕ್ಕೂ ಬ್ರೆಜಿಲ್ ನಾಯಕನ ಮತಕ್ಕೂ ಒಂದೇ ಬೆಲೆ ಎಂಬುದು ನನಗೆ ಪ್ರತಿ ಸಲವೂ ಖುಷಿ ಕೊಡುವ ಸಂಗತಿ.

ನಮ್ಮ ದೇಶದಲ್ಲೂ ಹಿರಿಯ ಆಟಗಾರ ಬೈಚುಂಗ್ ಭುಟಿಯಾ ಮುಂದಾಳತ್ವದಲ್ಲಿ 2006ರಲ್ಲಿ ಆಟಗಾರರ ಸಂಘ ಹುಟ್ಟಿತು. ಆ ಸಂಘದ ವರ್ಷದ ಭಾರತೀಯ ಆಟಗಾರ ಪ್ರಶಸ್ತಿ ಚೆಟ್ರಿಗೆ ಸಂದದ್ದು 2009ರಲ್ಲಿ, ಮತ್ತೆ 2018ರಲ್ಲಿ. ನಡುವಿನ ಒಂಬತ್ತು ವರ್ಷಗಳನ್ನು ಗಮನಿಸಿ. ಮೊದಲ ಸಲ ಮತ ಹಾಕಿದವರಲ್ಲಿ ಬಹಳಷ್ಟು ಮಂದಿ ಎರಡನೆಯ ಸಲದ ಹೊತ್ತಿಗೆ ಆಟ ಬಿಟ್ಟು ಮನೆ ಸೇರಿದ್ದರು, ಎರಡನೆಯ ಸಲ ಮತ ಹಾಕಿದವರಲ್ಲಿ ಹಲವರು 2009ರಲ್ಲಿ ಇನ್ನೂ ಶಾಲೆಯಲ್ಲಿದ್ದರು. ಎರಡು ತಲೆಮಾರು ಒಬ್ಬನನ್ನೇ ಆರಿಸಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ವರ್ಷದ ಆಟಗಾರ ಪ್ರಶಸ್ತಿ ಅವರಿಗೆ ಏಳು ಬಾರಿ ಬಂದಿದೆ. ಆದ್ದರಿಂದ ನಾನು ಬರೆದದ್ದು ಊಹೆಯಲ್ಲ.

ಆದರೂ ಮತಪತ್ರಕ್ಕಿಂತ ಹಳೆಯ ಅಳತೆಗೋಲು ಒಂದು ನಮ್ಮ ಹೈಸ್ಕೂಲ್ ಮೈದಾನದಲ್ಲೇ ಇದೆ. ಮೂವತ್ತು ವರ್ಷ ಮೈದಾನದಲ್ಲಿ ನಿಂತ ನೀವು ಅದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಭಾನುವಾರ ಬೆಳಿಗ್ಗೆ ಹುಡುಗರು ಸೇರುತ್ತಾರೆ, ಇಬ್ಬರು ಮುಂದೆ ಬಂದು ನಾಣ್ಯ ಚಿಮ್ಮುತ್ತಾರೆ, ಗೆದ್ದವನು ಮೊದಲ ಆಳನ್ನು ಕೂಗುತ್ತಾನೆ. ಕಳೆದ ಚಳಿಗಾಲದಲ್ಲಿ ನಾನು ವಾಕಿಂಗ್ ನಿಲ್ಲಿಸಿ ಇದನ್ನು ನೋಡುತ್ತಾ ನಿಂತಿದ್ದೆ. ಹೊಸ ಬೂಟು ಹಾಕಿಕೊಂಡು ಚೆಂಡನ್ನು ಮೊಣಕಾಲ ಮೇಲೆ ಹತ್ತು ಸಲ ಕುಣಿಸಿ ತೋರಿಸುತ್ತಿದ್ದ ಹುಡುಗನನ್ನು ಮೊದಲು ಕರೆಯುತ್ತಾರೆಂದು ಎಣಿಸಿದ್ದೆ. ಕರೆದದ್ದು ಬೇರೊಬ್ಬನನ್ನು. ಅವನ ಕ್ಯಾನ್ವಾಸ್ ಬೂಟಿನ ತುದಿ ಬಾಯಿ ಬಿಟ್ಟಿತ್ತು, ಅದಕ್ಕೆ ಗೋಣಿ ಹೊಲಿಯುವ ದಾರ ಸುತ್ತಿದ್ದ. ಯಾಕೆಂದು ಕೂಗಿದ ಹುಡುಗನನ್ನೇ ಕೇಳಿದೆ. ‘ಗೋಲಿಗೆ ನಿಲ್ಲು ಅಂದ್ರೆ ನಿಲ್ತಾನೆ ಅಂಕಲ್, ಮುಖ ಸಿಂಡರಿಸಲ್ಲ’ ಎಂದ. ಮೊಣಕಾಲ ಮೇಲೆ ಚೆಂಡು ಕುಣಿಸಿದವನ ಸರದಿ ನಾಲ್ಕನೆಯದಾಗಿ ಬಂತು.

ದಾವಣಗೆರೆಯವರಾದ ನಮಗೆ ಇನ್ನೊಂದು ಉದಾಹರಣೆ ಮನೆಯಲ್ಲೇ ಇದೆ. ನಮ್ಮೂರಿನ ಆರ್. ವಿನಯ್ ಕುಮಾರ್ ಬೌಲಿಂಗ್ ಮಾಡುವಾಗ ಟಿ.ವಿ. ಮುಂದೆ ಕುಳಿತವರು ‘ವೇಗ ಸಾಲದು’ ಎಂದು ಗೊಣಗುತ್ತಿದ್ದರು. ಅದೇ ಹೊತ್ತಿಗೆ ಅವರ ನಾಯಕತ್ವದಲ್ಲಿ ಕರ್ನಾಟಕ ತಂಡ 2013–14 ಮತ್ತು 2014–15ರಲ್ಲಿ ಸತತವಾಗಿ ಎರಡು ಬಾರಿ ರಣಜಿ ಟ್ರೋಫಿ ಗೆದ್ದಿತು. ಗ್ಯಾಲರಿಯ ಲೆಕ್ಕವೂ ಡ್ರೆಸಿಂಗ್ ರೂಮಿನ ಲೆಕ್ಕವೂ ಬೇರೆ ಬೇರೆ ವಹಿಯಲ್ಲಿ ಬರೆದವು.

ಪ್ರಶ್ನೆ: ಚೆಟ್ರಿಯನ್ನು ಎಲ್ಲ ಆಟಗಾರರೂ ಮೆಚ್ಚುತ್ತಾರೆ ಎಂಬುದು ಉತ್ಪ್ರೇಕ್ಷೆ. ಕೇರಳ ತಂಡದ ವಿರುದ್ಧ ಅವರು ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಮಾಡಿದ್ದನ್ನು ಮರೆತಿರಾ? ಅದು ಸಭ್ಯ ಆಟವೆ?
— ಬ್ಯಾಂಕ್ ಉದ್ಯೋಗಿ, ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ

ಉತ್ತರ: ಮರೆತಿಲ್ಲ. ಓದುಗರಿಗಾಗಿ ಪ್ರಸಂಗವನ್ನು ಚುಟುಕಾಗಿ ಹೇಳುತ್ತೇನೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ. ನಿಗದಿತ ಸಮಯದಲ್ಲಿ ಎರಡೂ ತಂಡ ಗೋಲಿಲ್ಲದೆ ಉಳಿದು ಹೆಚ್ಚುವರಿ ಆಟ ನಡೆಯುತ್ತಿತ್ತು. ಎದುರಾಳಿಯ ತಪ್ಪಿಗಾಗಿ ಬೆಂಗಳೂರಿಗೆ ಫ್ರೀಕಿಕ್, ಅಂದರೆ ಚೆಂಡನ್ನು ನಿಲ್ಲಿಸಿ ಒದೆಯುವ ಅವಕಾಶ ಸಿಕ್ಕಿತು. ಕೇರಳ ಬ್ಲಾಸ್ಟರ್ಸ್ ಆಟಗಾರರು ಚೆಂಡಿಗೆ ಅಡ್ಡಲಾಗಿ ಸಾಲು ನಿಂತು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಚೆಟ್ರಿ ಚೆಂಡನ್ನು ಗೋಲಿನೊಳಗೆ ಕಳಿಸಿದರು. ರೆಫರಿ ಗೋಲು ಕೊಟ್ಟರು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಅದಕ್ಕಾಗಿ ಆ ಕ್ಲಬ್ಬಿಗೆ ಫೆಡರೇಷನ್ 4 ಕೋಟಿ ರೂಪಾಯಿ ದಂಡ ಹಾಕಿತು.

ನಿಯಮದ ಮಟ್ಟಿಗೆ ಹೇಳುವುದಾದರೆ, ಸೀಟಿ ಊದುವವರೆಗೆ ಕಾಯಬೇಕೆಂದು ರೆಫರಿ ಸೂಚಿಸದಿದ್ದರೆ ಫ್ರೀಕಿಕ್ಕನ್ನು ತಕ್ಷಣ ಹೊಡೆಯಬಹುದು. ತಪ್ಪು ಮಾಡಿದ ತಂಡಕ್ಕೆ ಸಾವಕಾಶವಾಗಿ ಗೋಡೆ ಕಟ್ಟಿಕೊಳ್ಳುವ ಹಕ್ಕನ್ನು ಯಾವ ನಿಯಮವೂ ಕೊಟ್ಟಿಲ್ಲ. ಅಲ್ಲಿ ರೆಫರಿ ಏನು ಸೂಚಿಸಿದ್ದರು ಎಂಬುದೇ ಜಗಳದ ಮೂಲ, ಅದನ್ನು ನಾನು ಇಲ್ಲಿ ಕುಳಿತು ತೀರ್ಮಾನಿಸಲಾರೆ. ಸಭ್ಯತೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಎದುರಾಳಿ ಕಣ್ಣು ಮಿಟುಕಿಸಿದಾಗ ಪಟ್ಟು ಹಾಕುವುದನ್ನು ನಮ್ಮ ಗರಡಿಗಳಲ್ಲಿ ಮೋಸ ಎನ್ನುವುದಿಲ್ಲ, ಜಾಣತನ ಎನ್ನುತ್ತಾರೆ. ಆದರೆ ಕೆಳಗೆ ಬಿದ್ದ ಪೈಲ್ವಾನನಿಗೆ ಹಾಗನ್ನಿಸುವುದಿಲ್ಲ ಎಂಬುದೂ ಅಷ್ಟೇ ನಿಜ.

ನಿಮ್ಮ ಪತ್ರದಿಂದ ನನ್ನ ಮಾತನ್ನು ತಿದ್ದಿಕೊಳ್ಳಬೇಕಾದದ್ದು ಒಂದಿದೆ. ಜೊತೆಗಾರರ ಮೆಚ್ಚುಗೆ ಎಂದರೆ ಎಲ್ಲರ ಪ್ರೀತಿ ಎಂದು ಧ್ವನಿ ಬರುವಂತೆ ನಾನು ಬರೆಯಬಾರದಿತ್ತು. ಎದುರಾಳಿಗಳ ಮೆಚ್ಚುಗೆಯಲ್ಲಿ ಸ್ವಲ್ಪ ಕಹಿ ಇದ್ದೇ ಇರುತ್ತದೆ. ಅದೇ ಕೇರಳ ತಂಡದ ವಿರುದ್ಧ ಅದೇ ಕಂಠೀರವದಲ್ಲಿ 2024ರ ಡಿಸೆಂಬರ್‌ನಲ್ಲಿ, ನಲವತ್ತು ತುಂಬಿದ ಮೇಲೆ, ಚೆಟ್ರಿ ಮೂರು ಗೋಲು ಹೊಡೆದರು. ಆ ದಿನ ಗೋಡೆಯ ತಂಟೆ ಇರಲಿಲ್ಲ.

ಪ್ರಶ್ನೆ: ವಿದೇಶಿ ಆಟಗಾರರಲ್ಲಿ ಜೊತೆಯವರಿಗೆ ಅತ್ಯಂತ ಪ್ರಿಯರಾದವರು ಯಾರು? ಮೆಸ್ಸಿಯೆ, ರೊನಾಲ್ಡೊ ಅವರೆ?
— ಐ.ಟಿ.ಐ. ವಿದ್ಯಾರ್ಥಿ, ಹರಿಹರ

ಉತ್ತರ: ಇಬ್ಬರೂ ಅಲ್ಲ ಎಂದರೆ ನಿಮಗೆ ಬೇಸರವಾಗಬಹುದು. ನನ್ನ ಆಯ್ಕೆ ಫ್ರಾನ್ಸಿನ ಎನ್‌ಗೊಲೊ ಕಾಂಟೆ. ಮಾಲಿ ದೇಶದಿಂದ ಬಂದ ದಂಪತಿಯ ಮಗ, 1991ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವರು, ಐದೂವರೆ ಅಡಿ ಎತ್ತರ. ಕೆಳ ದರ್ಜೆಯ ಲೀಗುಗಳಲ್ಲಿ ಆಡಿಕೊಂಡಿದ್ದು, 2015ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿಗೆ ಬಂದರು. ಯಾರೂ ಲೆಕ್ಕಕ್ಕಿಟ್ಟಿರದ ಆ ತಂಡ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಿತು. ಅದೇ ವರ್ಷ ಲಂಡನ್ನಿನ ಚೆಲ್ಸಿಗೆ ಹೋದರು, ಮರುವರ್ಷ ಚೆಲ್ಸಿಯೂ ಗೆದ್ದಿತು. ಮೇಲೆ ಹೇಳಿದ ಇಂಗ್ಲೆಂಡಿನ ಆಟಗಾರರ ಸಂಘದ ಪ್ರಶಸ್ತಿ 2017ರಲ್ಲಿ ಇವರಿಗೇ ಬಂತು. ಗೋಲು ಹೊಡೆಯುವವರಲ್ಲ ಇವರು. ಎದುರಾಳಿಯ ಕಾಲಿನಿಂದ ಚೆಂಡು ಕಸಿದು ಪಕ್ಕದವನಿಗೆ ಕೊಟ್ಟು ಮತ್ತೆ ಓಡುವುದೇ ಕೆಲಸ. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ ಮದುವೆ ಮನೆಯಲ್ಲಿ ಬಡಿಸುತ್ತಲೇ ಇದ್ದು ಕೊನೆಯ ಪಂಕ್ತಿಯಲ್ಲಿ ಕೂರುವವನಂತೆ.

2018ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದ ರಾತ್ರಿ ಎಲ್ಲರೂ ಕಪ್ಪು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದಾಗ, ಕೇಳಲು ನಾಚಿಕೊಂಡು ಇವರು ಸುಮ್ಮನೆ ನಿಂತಿದ್ದರು. ಜೊತೆಯವರೇ ಗಮನಿಸಿ ಕಪ್ಪನ್ನು ತಂದು ಕೈಗೆ ಕೊಟ್ಟರು. ಆಮೇಲೆ ಇವರ ಹೆಸರಿನಲ್ಲಿ ಹಾಡು ಕಟ್ಟಿ ಇಡೀ ತಂಡ ಕುಣಿಯಿತು. ಕೋಟ್ಯಂತರ ಸಂಬಳ ಬರುತ್ತಿದ್ದಾಗಲೂ ಅಭ್ಯಾಸಕ್ಕೆ ಪುಟ್ಟ ಮಿನಿ ಕೂಪರ್ ಕಾರಿನಲ್ಲಿ ಬರುತ್ತಿದ್ದುದನ್ನು ಸಹ ಆಟಗಾರರು ಇಂದಿಗೂ ತಮಾಷೆ ಮಾಡುತ್ತಾರೆ. ಮೆಸ್ಸಿಯನ್ನು ಕಂಡರೆ ಆಟಗಾರರಿಗೆ ಬೆರಗು. ಕಾಂಟೆಯ ಹೆಸರೆತ್ತಿದರೆ ಅವರ ಮುಖದಲ್ಲಿ ನಗು.

ಪ್ರಶ್ನೆ: ನಿವೃತ್ತಿ ಹೇಳಿದ ಚೆಟ್ರಿ ಮತ್ತೆ ಬಂದದ್ದು ಸರಿಯೆ? ಇದರಿಂದ ಕಿರಿಯರಿಗೆ ಅನ್ಯಾಯವಾಗಲಿಲ್ಲವೆ?
— ಹಿರಿಯೂರು ಹಾಗೂ ಚಳ್ಳಕೆರೆಯ ಇಬ್ಬರು ಓದುಗರು

ಉತ್ತರ: 2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ನಡೆದ ವಿದಾಯ ಪಂದ್ಯ ಗೋಲಿಲ್ಲದೆ ಮುಗಿದಾಗ, ಸಹ ಆಟಗಾರರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು, ನಡುವೆ ನಡೆದು ಬಂದ ಚೆಟ್ರಿ ಅತ್ತರು. ಆಗ ಅವರ ಹೆಸರಿನಲ್ಲಿ 94 ಅಂತರರಾಷ್ಟ್ರೀಯ ಗೋಲುಗಳಿದ್ದವು. ಇನ್ನೂ ಆಡುತ್ತಿದ್ದವರ ಪಟ್ಟಿಯಲ್ಲಿ ಅವರಿಗಿಂತ ಮೇಲಿದ್ದವರು ರೊನಾಲ್ಡೊ ಮತ್ತು ಮೆಸ್ಸಿ ಮಾತ್ರ. ಆ ಪಂದ್ಯಕ್ಕೆ ಮೊದಲು ಕ್ರೊವೇಷ್ಯಾದ ನಾಯಕ ಲೂಕಾ ಮೊಡ್ರಿಚ್ ಕೂಡ ವಿಡಿಯೊ ಮೂಲಕ ಶುಭಾಶಯ ಕಳಿಸಿದ್ದರು. ಅಂಥ ಬೀಳ್ಕೊಡುಗೆಯ ನಂತರ 2025ರ ಮಾರ್ಚ್‌ನಲ್ಲಿ ತರಬೇತುದಾರ ಮನೊಲೊ ಮಾರ್ಕೆಜ್ ಕರೆದಾಗ ಮರಳಿ ಬಂದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 95ನೆಯ ಗೋಲು ಹೊಡೆದರು.

ನನಗೆ ಕೇಳಿದರೆ ಬರಬಾರದಿತ್ತು. ಆದರೆ ಕಿರಿಯರಿಗೆ ಅನ್ಯಾಯವಾಯಿತೆಂಬುದನ್ನು ಒಪ್ಪಲಾರೆ. ಆ ಋತುವಿನಲ್ಲಿ ಇಂಡಿಯನ್ ಸೂಪರ್ ಲೀಗಿನ ಭಾರತೀಯ ಆಟಗಾರರಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ, 14. ಜಾಗ ಖಾಲಿ ಇದ್ದಾಗ ತುಂಬಲಾಗದವರು, ಹಿರಿಯ ಬಂದು ಕುಳಿತನೆಂದು ದೂರುವುದು ಹೇಗೆ?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಶಾಲಾ ತಂಡದಲ್ಲಿ ಹೆಚ್ಚು ಗೋಲು ಹೊಡೆಯುವವನು ಅವನೇ. ಆದರೂ ಸಂಜೆ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಆಡುವಾಗ ಹುಡುಗರು ಅವನಿಗೆ ಬೇಕೆಂದೇ ಚೆಂಡು ಕೊಡುವುದಿಲ್ಲ. ಹೊರ ಊರಿಗೆ ಆಡಲು ಹೋದಾಗ ಬಸ್ಸಿನಲ್ಲಿ ಪಕ್ಕ ಕೂರಿಸಿಕೊಳ್ಳುವುದಿಲ್ಲವಂತೆ. ಅವನ ತಂದೆ ಇದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆ. ಆಟ ಬಿಡಿಸಿಬಿಡೋಣವೆನಿಸುತ್ತದೆ. ಏನು ಮಾಡಲಿ?
— ಗೃಹಿಣಿ, ಚಿತ್ರದುರ್ಗ

ಉತ್ತರ: ತಾಯೀ, ಆಟ ಬಿಡಿಸಬೇಡಿ. ಹೊಟ್ಟೆಕಿಚ್ಚು ಸ್ವಲ್ಪ ಇದ್ದೀತು. ಹದಿನಾಲ್ಕರ ವಯಸ್ಸಿನಲ್ಲಿ ಯಾರಿಗಿಲ್ಲ? ಆದರೆ ಹತ್ತು ಹುಡುಗರೂ ಒಂದೇ ಸಲ ಹೊಟ್ಟೆಕಿಚ್ಚು ಪಡುವುದು ಅಪರೂಪ. ಕಾರಣದ ಒಂದು ಪಾಲು ಹುಡುಗನ ಆಟದಲ್ಲೇ ಇರಬಹುದು ಎಂದು ಹೇಳಿದರೆ ನೀವು ಬೇಸರಿಸುವುದಿಲ್ಲ ಎಂದುಕೊಂಡಿದ್ದೇನೆ.

ಚೆಟ್ರಿಯ ಬದುಕಿನ ಒಂದು ಋತು ನಿಮ್ಮ ಮಗನಿಗೆ ಹೇಳಲು ತಕ್ಕದ್ದು. 2017ರಲ್ಲಿ ಬೆಂಗಳೂರು ಎಫ್.ಸಿ. ಮೊದಲ ಬಾರಿಗೆ ಇಂಡಿಯನ್ ಸೂಪರ್ ಲೀಗಿಗೆ ಸೇರಿತು. ತರಬೇತುದಾರ ಆಲ್ಬರ್ಟ್ ರೋಕಾ ವೆನಿಜುವೆಲಾದ ಮಿಕು ಎಂಬ ಆಟಗಾರನನ್ನು ತಂದು ಗೋಲಿನ ನೇರ ಎದುರಿನ ಜಾಗ ಕೊಟ್ಟರು. ಅದು ಚೆಟ್ರಿಯ ಜಾಗ. ತಂಡದ ನಾಯಕ, ದೇಶದ ನಾಯಕ, ಅತಿ ಹೆಚ್ಚು ಗೋಲು ಹೊಡೆದವರು ಎಡಗಡೆಯ ಅಂಚಿಗೆ ಸರಿಯಬೇಕಾಯಿತು. ಅಂಚಿನಲ್ಲಿ ಆಡುವವನಿಗೆ ಓಟ ಹೆಚ್ಚು, ಗೋಲಿನ ಅವಕಾಶ ಕಡಿಮೆ, ಮೇಲೆ ಹಿಂದೆ ಓಡಿ ಬಂದು ರಕ್ಷಣೆಗೂ ನಿಲ್ಲಬೇಕು. ಋತು ಮುಗಿದಾಗ ಮಿಕು 15 ಗೋಲು ಹೊಡೆದಿದ್ದರು, ಚೆಟ್ರಿ 14. ತಂಡ ಅಂಕಪಟ್ಟಿಯ ತುದಿಯಲ್ಲಿತ್ತು. ಫೈನಲ್‌ನಲ್ಲಿ ಚೆನ್ನೈ ಎದುರು 3–2ರಿಂದ ಸೋತರು ಎಂಬುದು ಬೇರೆ ಮಾತು. ಅಂದಿನ ಮೊದಲ ಗೋಲು ಚೆಟ್ರಿಯದೇ.

ಆ ಕಾಲದಲ್ಲಿ ನಾನೊಮ್ಮೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಕಂಠೀರವದಲ್ಲಿ ಪಂದ್ಯ ನೋಡಿ ಬಂದೆ. ಡೋಲು ಬಡಿಯುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳ ಗದ್ದಲದಿಂದ ಸ್ವಲ್ಪ ದೂರ ಕುಳಿತಿದ್ದೆ. ಎದುರಾಳಿಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ ಸಿಕ್ಕಾಗಲೆಲ್ಲ ಚೆಟ್ರಿ ಮೈದಾನದ ಆ ತುದಿಯಿಂದ ಓಡಿ ಬಂದು ತಮ್ಮ ಗೋಲಿನ ಹತ್ತಿರದ ಕಂಬದ ಬಳಿ ನಿಲ್ಲುತ್ತಿದ್ದರು. ಐದಡಿ ಏಳು ಅಂಗುಲದ ಮನುಷ್ಯ, ಆರಡಿಯವರ ನಡುವೆ ಎಗರಿ ತಲೆಯಿಂದ ಚೆಂಡನ್ನು ಹೊರಗೆ ತಳ್ಳಿ, ಮತ್ತೆ ಮುಂದಕ್ಕೆ ಓಡುತ್ತಿದ್ದರು. ಟಿ.ವಿ.ಯಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಆದರೆ ಅವರ ಹಿಂದೆ ನಿಂತ ಗೋಲ್‌ಕೀಪರ್‌ಗೆ ಪ್ರತಿ ಸಲವೂ ಕಾಣುತ್ತದೆ.

ಹಾಗೆಂದು ಅವರು ಹುಟ್ಟಾ ದೊಡ್ಡ ಮನುಷ್ಯರೇನಲ್ಲ. ನಾಯಕನ ತೋಳುಪಟ್ಟಿ ಬರುವ ಮೊದಲು ತಾವು ತಂಡದ ಹಿಂದಿನ ಬೆಂಚಿನ ತುಂಟರ ಗುಂಪಿನಲ್ಲಿದ್ದೆವು ಎಂದು ಅವರೇ ಹೇಳಿಕೊಂಡಿದ್ದಾರೆ. ನಿಮ್ಮ ಮಗನಿಗಂತೂ ಇನ್ನೂ ಹದಿನಾಲ್ಕು.

ಮುಂದಿನ ಶನಿವಾರ ಸಂಜೆ ಅವನಿಗೆ ಹೇಳದೆ ಕ್ರೀಡಾಂಗಣಕ್ಕೆ ಹೋಗಿ, ಮೆಟ್ಟಿಲ ಮೇಲೆ ಹದಿನೈದು ನಿಮಿಷ ಕುಳಿತುಕೊಳ್ಳಿ. ಚೆಂಡು ಎಲ್ಲಿದೆಯೆಂದು ನೋಡಲು ಹೋಗದೆ ಮಗನನ್ನು ಮಾತ್ರ ನೋಡುತ್ತಿರಿ. ಜೊತೆಯವನು ಕೊಟ್ಟ ಪಾಸ್ ತಪ್ಪಿದಾಗ ಇವನು ಎರಡೂ ಕೈ ಮೇಲೆತ್ತಿ ಎಲ್ಲರಿಗೂ ಕಾಣುವಂತೆ ಬೇಸರ ತೋರಿಸುತ್ತಾನೆಯೆ? ಎದುರಾಳಿ ಚೆಂಡು ಕಸಿದುಕೊಂಡಾಗ ಹಿಂದೆ ಓಡುತ್ತಾನೆಯೆ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆಯೆ? ಗೋಲು ಹೊಡೆದ ಮೇಲೆ ಚೆಂಡು ಕೊಟ್ಟವನ ಕಡೆ ಹೋಗುತ್ತಾನೆಯೆ, ಒಬ್ಬನೇ ಓಡುತ್ತಾನೆಯೆ? ಆಟ ಮುಗಿದ ಮೇಲೆ ನೆಟ್ಟಿನ ಚೀಲ, ನೀರಿನ ಕ್ಯಾನು ಹೊರುವವರಲ್ಲಿ ಇವನಿದ್ದಾನೆಯೆ? ಕಂಡದ್ದನ್ನು ಅಂದೇ ರಾತ್ರಿ ಅವನ ಮುಂದೆ ಹರಡಿ ಪಾಠ ಮಾಡಬೇಡಿ. ಅವನ ತಂದೆಯೂ ಮಾಡುವುದು ಬೇಡ. ತರಬೇತುದಾರರು ತಾಳ್ಮೆಯವರಾದರೆ, ಎರಡು ವಾರ ಅವನನ್ನು ಅಂಚಿನಲ್ಲಿ ಆಡಿಸಿ ನೋಡಲು, ಆಗಾಗ ಗೋಲಿಗೆ ನಿಲ್ಲಿಸಲು ಕೇಳಿಕೊಳ್ಳಿ. ಗೋಲಿನಲ್ಲಿ ನಿಂತವನಿಗೆ ಮುಂದೆ ಓಡಾಡುವ ಹತ್ತು ಜನರೂ ಒಟ್ಟಿಗೆ ಕಾಣುತ್ತಾರೆ. ಯಾರು ಹಿಂದೆ ಓಡಿ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಅಲ್ಲಿಂದ ಬಹಳ ಬೇಗ ತಿಳಿಯುತ್ತದೆ.

ಇಷ್ಟು ಮಾಡಿದ ಮೇಲೂ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯೇ ಉಳಿದರೆ ಮತ್ತೊಂದು ಕಾಗದ ಬರೆಯಿರಿ. ಆಗ ಹೊಟ್ಟೆಕಿಚ್ಚಿನ ವಿಚಾರ ಮಾತಾಡೋಣ.